ಮಿಲಿಮೀಟರಿನ ನಕ್ಷೆ, ಇಂಚಿನ ಟ್ರಾಲಿ

"ಗುರುಗಳೇ, ಕಣ್ಣಿಗೆ ಸರಿಯಾಗಿ ಕಂಡದ್ದನ್ನು ಮತ್ತೆ ಅಳೆದು ನೋಡುವುದೇಕೆ?" ಎಂದು ಇಂದುಮತಿ ಕೇಳಿದಳು.

ಮೌನೇಶಾಚಾರ್ಯರು ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುವವರು. ಮೊದಲು ಹಲಗೆಯ ಮೇಲೆ ಕಾಗದ ಹಾಸಿ ಪೆನ್ಸಿಲಿನಿಂದ ಕಲಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಕಲಿಸುತ್ತಾರೆ. ಇಂದುಮತಿ ಎರಡು ವರ್ಷದಿಂದ ಅವರ ಬಳಿ ಕಲಿಯುತ್ತಿದ್ದಳು. ಕೈ ಚುರುಕು, ಮಾತೂ ಚುರುಕು. ಆಚಾರ್ಯರು ಅವಳ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲಿಲ್ಲ. ಕುಳಿತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನಕ್ಷೆಗಾರನಿದ್ದ. ಹದಿನೆಂಟು ವರ್ಷದಿಂದ ಅದೇ ಕೆಲಸ. ಬೇರೆಯವರು ಎರಡು ದಿನ ಕೇಳುವ ನಕ್ಷೆಯನ್ನು ಅವನು ಸಂಜೆಯೊಳಗೆ ಕೊಡುತ್ತಿದ್ದ. ಅವನ ಗೆರೆಯನ್ನು ಯಾರೂ ತಿದ್ದಿದ್ದಿಲ್ಲ. ಮೂಲೆಯಲ್ಲಿ ಅವನ ಹೆಸರು ಕಂಡರೆ ಸಾಕು, ಇಂಜಿನಿಯರುಗಳು ಒಳಗಿನದನ್ನು ನೋಡದೆ ಸಹಿ ಹಾಕುತ್ತಿದ್ದರು. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದುದರಿಂದ ಅವನ ನಡಿಗೆಯಲ್ಲಿ ಸ್ವಲ್ಪ ಠೀವಿಯೂ ಸೇರಿಕೊಂಡಿತ್ತು.

ಹೊಳೆಯಾಚೆಯ ಊರಿನವರು ಒಂದು ಆಸ್ಪತ್ರೆ ಕಟ್ಟಿಸಲು ಹೊರಟರು. ಎರಡನೆಯ ಮಹಡಿಯಲ್ಲಿ ಆಪರೇಷನ್ ಕೋಣೆ. ರೋಗಿಯನ್ನು ಮಲಗಿಸಿದಂತೆಯೇ ಮೇಲಕ್ಕೆ ಒಯ್ಯಲು ಲಿಫ್ಟ್ ಬೇಕು. ಆ ಲಿಫ್ಟ್ ಎಷ್ಟು ಉದ್ದವಿರಬೇಕು ಎಂಬುದು ರೋಗಿಯನ್ನು ಮಲಗಿಸುವ ಟ್ರಾಲಿಯನ್ನು ಅವಲಂಬಿಸಿತ್ತು. ಟ್ರಾಲಿ ಮಾಡುವವರು ಅದರ ಚಿತ್ರವನ್ನು ಕಂಪ್ಯೂಟರಿಗೇ ಕಳಿಸಿಕೊಟ್ಟಿದ್ದರು. ಇಂಥ ಸಿದ್ಧ ಚಿತ್ರವನ್ನು ಈ ಕೆಲಸದವರು ಬ್ಲಾಕ್ ಎನ್ನುತ್ತಾರೆ. ಅದನ್ನು ತಂದು ನಕ್ಷೆಯೊಳಗೆ ಇಟ್ಟರಾಯಿತು. ಮತ್ತೆ ಗೆರೆ ಗೆರೆಯಾಗಿ ಬರೆಯಬೇಕಿಲ್ಲ.

ನಕ್ಷೆಗಾರ ಲಿಫ್ಟಿನ ಗೋಡೆಗಳನ್ನು ತನ್ನ ಅಂದಾಜಿಗೆ ಮೊದಲೇ ಎಳೆದುಕೊಂಡಿದ್ದ. ಅದರೊಳಗೆ ಬ್ಲಾಕನ್ನು ತಂದಿಟ್ಟ. ಟ್ರಾಲಿ ಕಾಣಲಿಲ್ಲ. ಹುಡುಕಿದಾಗ, ಲಿಫ್ಟಿನ ನಟ್ಟನಡುವೆ ಇರುವೆಯಷ್ಟು ಕಂಡಿತು.

ಅಳತೆಯ ಮಾನ ಬೇರೆಯಾಗಿದೆ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ಅವನ ನಕ್ಷೆ ಮಿಲಿಮೀಟರಿನದು. ಟ್ರಾಲಿಯನ್ನು ಬರೆದವರು ಬೇರೆ ಯಾವುದೋ ಮಾನದಲ್ಲಿ ಬರೆದಿದ್ದರು. ಯಾವುದೆಂದು ತೆರೆದು ನೋಡಿ, ಅದನ್ನು ನಕ್ಷೆಗೆ ತಿಳಿಸಿ ಬ್ಲಾಕನ್ನು ಮತ್ತೆ ತಂದಿಟ್ಟಿದ್ದರೆ ಟ್ರಾಲಿ ತಾನಾಗಿಯೇ ತನ್ನ ನಿಜವಾದ ಗಾತ್ರಕ್ಕೆ ಬರುತ್ತಿತ್ತು. ಒಂದು ನಿಮಿಷದ ಕೆಲಸ. ಆದರೆ ಆಸ್ಪತ್ರೆಯ ಸಮಿತಿಯವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಸಂಜೆಯೊಳಗೆ ಕೊಡುತ್ತೇನೆ ಎಂದು ಅವನೇ ಮಾತು ಕೊಟ್ಟಿದ್ದ.

ಅವನು ಟ್ರಾಲಿಯನ್ನು ಹತ್ತು ಪಟ್ಟು ದೊಡ್ಡದು ಮಾಡಿದ. ಆಗಲೂ ಚಿಕ್ಕದಾಯಿತು. ಅದರ ಎರಡು ಪಟ್ಟು ಮಾಡಿದ. ಇನ್ನೂ ಸ್ವಲ್ಪ ಸಡಿಲವೆನಿಸಿತು. ಮತ್ತಷ್ಟು ಎಳೆದ. ಈಗ ಟ್ರಾಲಿ ಲಿಫ್ಟಿನ ಗೋಡೆಗಳ ನಡುವೆ ಅಚ್ಚುಕಟ್ಟಾಗಿ ಕೂತಿತು. ತಲೆಯ ಕಡೆ ನಾಲ್ಕು ಬೆರಳು, ಕಾಲಿನ ಕಡೆ ನಾಲ್ಕು ಬೆರಳು ಜಾಗ. ನೋಡಲು ಚೆಂದವಿತ್ತು. ಅವನು ನಕ್ಷೆಯನ್ನು ಮುದ್ರಿಸಿ ಸಮಿತಿಯವರ ಕೈಗೆ ಕೊಟ್ಟ. ಹಾಗೆ ಹೊಂದಿಸಿದ ಟ್ರಾಲಿಯನ್ನು, ಮುಂದೆಯೂ ಬೇಕಾದೀತೆಂದು, ತನ್ನ ಸಂಗ್ರಹದಲ್ಲಿ ಉಳಿಸಿಕೊಂಡ.

ಹೊಳೆಯಾಚೆಯ ಆಸ್ಪತ್ರೆ ಎದ್ದು ನಿಂತಿತು. ಅದರ ಉದ್ಘಾಟನೆಗೆ ಅವನಿಗೆ ಹೋಗಲಾಗಲಿಲ್ಲ. ಅಷ್ಟರಲ್ಲಿ ಅವನ ಊರಿನಲ್ಲೇ ಇನ್ನೊಂದು ಆಸ್ಪತ್ರೆಯ ಕೆಲಸ ಶುರುವಾಗಿತ್ತು. ಆ ನಕ್ಷೆಯೂ ಅವನದೇ. ಸಂಗ್ರಹದಿಂದ ಅದೇ ಟ್ರಾಲಿಯನ್ನು ತೆಗೆದು ಲಿಫ್ಟಿನೊಳಗೆ ಇಟ್ಟಿದ್ದ. ಈ ಸಲ ಎಳೆಯುವ ಅಗತ್ಯವೂ ಬೀಳಲಿಲ್ಲ.

ಊರಿನ ಆಸ್ಪತ್ರೆ ತೆರೆಯುವ ಮೂರು ದಿನ ಮೊದಲು ಎಲ್ಲವನ್ನೂ ಒಮ್ಮೆ ನಡೆಸಿ ನೋಡೋಣ ಎಂದು ವೈದ್ಯರು ಅವನನ್ನೂ ಕರೆದರು. ದೀಪ ಹಚ್ಚಿದರು, ನಲ್ಲಿ ಬಿಟ್ಟರು, ಬಾಗಿಲುಗಳನ್ನು ತೆರೆದು ಮುಚ್ಚಿದರು. ಹೊಸ ಟ್ರಾಲಿಯನ್ನು ತಂದಾಗ, ಖಾಲಿ ತಳ್ಳಿದರೆ ಪರೀಕ್ಷೆಯಾಗುವುದಿಲ್ಲ, ನಕ್ಷೆ ಬರೆದವರೇ ಮಲಗಲಿ ಎಂದು ವೈದ್ಯರು ನಗುತ್ತ ಹೇಳಿದರು. ಅವನೂ ನಗುತ್ತಲೇ ಚಪ್ಪಲಿ ಬಿಟ್ಟು ಟ್ರಾಲಿಯ ಮೇಲೆ ಮಲಗಿದ.

ಮಲಗಿದವನಿಗೆ ಚಾವಣಿಯಷ್ಟೇ ಕಾಣುತ್ತದೆ. ಚಾವಣಿ ಹಿಂದೆ ಹಿಂದೆ ಸರಿಯಿತು. ಲಿಫ್ಟಿನ ದೀಪ ಮುಖದ ಮೇಲೆ ಬಂತು. ತಲೆಯ ಕಡೆಯ ಕಂಬಿ ಹಿಂದಿನ ಗೋಡೆಗೆ ಠಪ್ಪೆಂದು ತಗುಲಿತು. ಬಾಗಿಲು ಮುಚ್ಚಲು ಬಂತು, ಏನನ್ನೋ ಮುಟ್ಟಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಮುಟ್ಟಿತು, ಮತ್ತೆ ಸರಿಯಿತು. ಇನ್ನೂ ಸ್ವಲ್ಪ ಒಳಗೆ ತಳ್ಳಿ ಎಂದು ಯಾರೋ ಹೇಳಿದರು. ಒಳಗೆ ಗೋಡೆ ಇದೆ ಎಂದು ತಳ್ಳುವವನು ಹೇಳಿದ.

ನಕ್ಷೆಗಾರ ತಲೆಯೆತ್ತಿ ನೋಡಿದ. ಟ್ರಾಲಿಯ ತುದಿ ಐದು ಇಂಚಿನಷ್ಟು ಹೊಸ್ತಿಲಿನಿಂದ ಹೊರಗಿತ್ತು. ಅದರ ಮೇಲೆ ಅವನವೇ ಎರಡು ಪಾದಗಳಿದ್ದವು. ಬಾಗಿಲು ಅವುಗಳ ಎರಡೂ ಪಕ್ಕಕ್ಕೆ ಬಂದು ಬಂದು ಹೋಗುತ್ತಿತ್ತು.

ಆ ಹೊತ್ತಿಗೆ ಅವನ ಮನಸ್ಸಿಗೆ ಬಂದದ್ದು ಈ ಆಸ್ಪತ್ರೆಯಲ್ಲ. ಹೊಳೆಯಾಚೆಯದು. ಅದು ತೆರೆದು ಆರು ತಿಂಗಳಾಗಿತ್ತು. ಅಲ್ಲಿಂದ ಒಂದು ದೂರೂ ಬಂದಿರಲಿಲ್ಲ. ದೂರು ಬಾರದಿದ್ದುದೇ ಅವನಿಗೆ ಹೆಚ್ಚು ಭಯ ತಂದಿತು.

ಅವನು ಕಚೇರಿಗೆ ಬಂದು, ಟ್ರಾಲಿ ಮಾಡುವವರು ಕಳಿಸಿದ್ದ ಮೂಲ ಚಿತ್ರವನ್ನು ತೆರೆದ. ಮಾನ ಇಂಚು ಎಂದಿತ್ತು. ಉದ್ದ ಎಂಬತ್ತನಾಲ್ಕು. ಅದನ್ನು ನಕ್ಷೆಗೆ ತಿಳಿಸಿ ಮತ್ತೆ ತಂದಿಟ್ಟ. ಟ್ರಾಲಿ ತಾನಾಗಿಯೇ ತನ್ನ ಗಾತ್ರಕ್ಕೆ ಬಂತು. ಅದರ ಕಾಲಿನ ತುದಿ ಲಿಫ್ಟಿನ ಬಾಗಿಲನ್ನು ಸೀಳಿಕೊಂಡು ಹೊರಗೆ ಚಾಚಿತ್ತು. ಟ್ರಾಲಿಯ ಮೇಲೆ ಮಲಗಿ ಕಂಡಿದ್ದನ್ನೇ ಈಗ ಪರದೆಯ ಮೇಲೂ ಕಂಡ. ಒಂದು ನಿಮಿಷವೂ ಹಿಡಿಯಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೊಳೆ ದಾಟಿದ. ಆಸ್ಪತ್ರೆಯಲ್ಲಿ ಮೆಟ್ಟಿಲಿನ ಕೆಳಗೆ ಟ್ರಾಲಿ ನಿಂತಿತ್ತು. ಅದರ ಮೇಲೆ ಮಡಚಿದ ದಪ್ಪ ಹೊದಿಕೆಗಳ ಅಟ್ಟಿಯಿತ್ತು. ಪಕ್ಕದಲ್ಲಿ ಒಬ್ಬ ಆಯಾ ನೆಲ ಒರೆಸುತ್ತಿದ್ದಳು.

"ಟ್ರಾಲಿಯನ್ನು ಇಲ್ಲಿ ಯಾಕೆ ನಿಲ್ಲಿಸಿದ್ದೀರಮ್ಮ?" ಎಂದು ಕೇಳಿದ.

"ದೊಡ್ಡದು ತಂದುಬಿಟ್ಟಿದ್ದಾರೆ ಸಾರ್. ಲಿಫ್ಟಿಗೆ ಹಿಡಿಸಲ್ಲ. ಕೂರೋಕಾಗೋರನ್ನ ಗಾಲಿ ಕುರ್ಚೀಲಿ ಕೂರಿಸಿ ಕರ್ಕೊಂಡು ಹೋಗ್ತೀವಿ."

"ಕೂರಲಾಗದವರನ್ನು?"

ಅವಳು ಹೊದಿಕೆಗಳ ಮೇಲೆ ಕೈಯಿಟ್ಟಳು. "ಇದರಲ್ಲಿ ಮಲಗಿಸಿ ನಾಲ್ಕು ಜನ ನಾಲ್ಕು ಮೂಲೆ ಹಿಡ್ಕೊಂಡು ಮೆಟ್ಟಿಲು ಹತ್ತುತ್ತೀವಿ. ಅಭ್ಯಾಸ ಆಗಿಹೋಗಿದೆ. ಹೋದ ತಿಂಗಳು ಆ ತಿರುವಿನಲ್ಲಿ ಒಂದು ಮೂಲೆ ಕೈ ತಪ್ಪಿತು. ನೇಕಾರರ ಕೇರಿಯವರೊಬ್ಬರು ಬಿದ್ದುಬಿಟ್ರು, ಪಾಪ. ಇನ್ನೂ ಮೇಲೇ ಇದ್ದಾರೆ."

ನಕ್ಷೆಗಾರ ಅದೇ ಮೆಟ್ಟಿಲು ಹತ್ತಿದ. ತಿರುವಿನಲ್ಲಿ ಅವನ ಕಾಲು ತಾನಾಗಿ ನಿಂತಿತು. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಜಾಗ. ಆ ಮೆಟ್ಟಿಲಿನ ಗೆರೆಯನ್ನೂ ಅವನೇ ಎಳೆದಿದ್ದ. ನಡೆದು ಹತ್ತುವವರಿಗೆಂದು ಎಳೆದಿದ್ದ.

ನೇಕಾರ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ಸೊಂಟದಿಂದ ಮೊಣಕಾಲಿನವರೆಗೆ ಪಟ್ಟಿ. ಕೆಳಗಿನಿಂದ ಹೊರಟಾಗ ಅವನಿಗೆ ಮುರಿದದ್ದು ಒಂದು ಮೂಳೆ. ಮೇಲೆ ತಲುಪಿದಾಗ ಎರಡು. ಅಪರಿಚಿತನೊಬ್ಬ ಮಂಚದ ಬಳಿ ನಿಂತು, ಹೇಗಾಯಿತು ಎಂದು ಕೇಳಿದ್ದಕ್ಕೆ ಅವನು ಸಮಾಧಾನದಿಂದಲೇ ಹೇಳಿದ:

"ಹೊತ್ತವರದೇನೂ ತಪ್ಪಿಲ್ಲ ಸ್ವಾಮಿ. ನಾನೇ ಉದ್ದ ಆಳು. ಲಿಫ್ಟನ್ನ ಎಲ್ಲರ ಅಳತೆಗೆ ಮಾಡಿರ್ತಾರೆ. ನನ್ನೊಬ್ಬನ ಅಳತೆಗೆ ಮಾಡೋಕಾಗುತ್ತಾ?"

ಬಯ್ಯುತ್ತಾರೆ, ಹೊಡೆಯಬಹುದು ಎಂದು ನಕ್ಷೆಗಾರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದ. ಇದನ್ನು ಎಣಿಸಿರಲಿಲ್ಲ. ಒಬ್ಬ ಮನುಷ್ಯ ತನ್ನ ಮೈಯೇ ತಪ್ಪು ಅಳತೆಯದು ಎಂದುಕೊಂಡು ಒಂದು ತಿಂಗಳಿನಿಂದ ಮಲಗಿದ್ದಾನೆ.

"ನೀವು ಉದ್ದವಿಲ್ಲ," ಎಂದ. "ನಾನು ಲಿಫ್ಟನ್ನು ಗಿಡ್ಡ ಮಾಡಿದೆ."

ನೇಕಾರನಿಗೆ ಮೊದಲು ಅರ್ಥವಾಗಲಿಲ್ಲ. ನಕ್ಷೆಗಾರ ಎಲ್ಲವನ್ನೂ ಹೇಳಿದ: ಇಂಚು, ಮಿಲಿಮೀಟರು, ಹೊರಗೆ ಕಾಯುತ್ತಿದ್ದವರು, ತಾನು ಎಳೆದದ್ದು. ನೇಕಾರ ಅವನ ಮುಖವನ್ನೇ ನೋಡುತ್ತ ಕೇಳಿಸಿಕೊಂಡ. ಬಯ್ಯಲಿಲ್ಲ. ಹೇಳಿ ಮುಗಿದ ಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ನಕ್ಷೆಗಾರ ಎಷ್ಟು ಹೊತ್ತು ನಿಂತಿದ್ದರೂ ಆ ಮುಖ ಇತ್ತ ತಿರುಗಲಿಲ್ಲ.

ಅವನು ಅಲ್ಲಿಂದ ನೇರವಾಗಿ ಸಮಿತಿಯವರ ಬಳಿಗೆ ಹೋಗಿ, ತಪ್ಪು ಟ್ರಾಲಿಯದಲ್ಲ, ತನ್ನದು ಎಂದು ಬರೆದು ಕೊಟ್ಟ. ಅವರು ಕಾಗದವನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಓದಿದರು. ಆರು ತಿಂಗಳಿನಿಂದ ಅವರು ಟ್ರಾಲಿ ಮಾಡುವವರನ್ನು ಬಯ್ಯುತ್ತಿದ್ದರು.

ಊರಿನ ಆಸ್ಪತ್ರೆಯ ಉದ್ಘಾಟನೆ ಮುಂದಕ್ಕೆ ಹೋಯಿತು. ಲಿಫ್ಟಿನ ಹಿಂದಿನ ಗೋಡೆ ಒಡೆದು ಉದ್ದ ಮಾಡಿದರು. ಹೊಳೆಯಾಚೆ ಹಾಗೆ ಮಾಡಲಾಗಲಿಲ್ಲ, ಗೋಡೆಯ ಹಿಂದೆ ಕಂಬವಿತ್ತು. ಅಲ್ಲಿ ಆಪರೇಷನ್ ಕೋಣೆಯನ್ನೇ ಕೆಳಗಿಳಿಸಿದರು. ಎರಡು ನಕ್ಷೆಗಳನ್ನೂ ಅವನೇ ಮತ್ತೆ ಬರೆದ. ಬ್ಲಾಕಿನ ಮಾನ ನೋಡಿದ, ತಂದಿಟ್ಟ ಮೇಲೆ ಉದ್ದ ನೋಡಿದ, ಆಮೇಲೆ ಟೇಪು ಹಿಡಿದು ಹೋಗಿ ಮೆಟ್ಟಿಲಿನ ಕೆಳಗಿದ್ದ ಟ್ರಾಲಿಯನ್ನೇ ಅಳೆದ. ಮೂರೂ ಒಂದಾದ ಮೇಲೆ ಮುದ್ರಿಸಿದ. ಸಂಜೆಯೊಳಗೆ ಕೊಡುತ್ತೇನೆ ಎಂಬ ಮಾತನ್ನು ಬಿಟ್ಟ. ಇಂಜಿನಿಯರುಗಳೂ ಈಗ ಅವನ ನಕ್ಷೆಯನ್ನು ಓದಿಯೇ ಸಹಿ ಹಾಕುತ್ತಾರೆ.

ನೇಕಾರನ ಮೂಳೆ ಕೂಡಿತು, ಆದರೆ ಒಂದು ಕಾಲು ಮಡಚಲು ಬಾರದೆ ಉಳಿಯಿತು. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂರುವುದು ಅವನಿಂದ ಮತ್ತೆ ಆಗಲಿಲ್ಲ.

ಆಚಾರ್ಯರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಇಂದುಮತಿಗೆ ತಡೆಯಲಾಗಲಿಲ್ಲ.

"ಆರು ತಿಂಗಳು ಗುರುಗಳೇ. ವೈದ್ಯರು, ದಾದಿಯರು, ಸಮಿತಿಯವರು, ಅಷ್ಟು ಜನ ರೋಗಿಗಳು. ಅವರಲ್ಲಿ ಒಬ್ಬರಾದರೂ ಲಿಫ್ಟಿಗೆ ಟೇಪು ಹಿಡಿದು ನೋಡಲಿಲ್ಲವೇ?"

"ನಕ್ಷೆ ಬರೆದವನು ಅಳೆದೇ ಬರೆದಿರುತ್ತಾನೆ ಎಂದು ಅವರೆಲ್ಲ ನಂಬಿದ್ದರು, ಮಗಳೇ."