ಗಾಜಿನ ತೊಟ್ಟಿಗೆ ಕೊರೆದ ತೂತು

“ಗುರುಗಳೇ, ಮನಸ್ಸಿನಲ್ಲಿ ಕೋಪ ಇಟ್ಟುಕೊಂಡು ಒಬ್ಬರ ಎದುರು ಹೋಗಿ ನಿಲ್ಲುವುದಕ್ಕಿಂತ, ಅದು ಪೂರ್ತಿ ಅಡಗಿದ ಮೇಲೆ ಹೋಗುವುದು ಒಳ್ಳೆಯದಲ್ಲವೇ?” ಎಂದು ಪದ್ಮಯ್ಯ ಕೇಳಿದ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತದೆಯೇ, “ಯಾರ ಎದುರು?” ಎಂದರು.

“ನನ್ನ ಅಣ್ಣನ ಎದುರು. ಏನೋ ಹೇಳುವುದಿದೆ, ಒಮ್ಮೆ ಬಂದು ಹೋಗು ಎಂದು ಹೇಳಿ ಕಳಿಸುತ್ತಲೇ ಇದ್ದಾನೆ. ಅವನು ಮಾಡಿದ್ದು ಇನ್ನೂ ಎದೆಯಲ್ಲಿ ಕುದಿಯುತ್ತಿದೆ. ಮನಸ್ಸು ತಿಳಿಯಾಗಲಿ ಎಂದು ಇಲ್ಲಿ ಜಪಕ್ಕೆ ಕೂತಿದ್ದೇನೆ.”

ಗುರುಗಳು ಬೀಜ ಬಿಡಿಸುತ್ತಲೇ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಧರಣೇಂದ್ರ ಎಂಬವನಿದ್ದ. ಫ್ಯಾನು, ಮಿಕ್ಸಿ ರಿಪೇರಿ ಮಾಡಿ ಬದುಕುತ್ತಿದ್ದ. ಅವನ ಹೆಂಡತಿ ಮರುದೇವಿ. ಮಕ್ಕಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಆಕೆಯ ಆಸೆಗೆಂದು ಅವನೊಂದು ಗಾಜಿನ ತೊಟ್ಟಿ ತಂದು ಕೆಂಪು ಮೀನು ಬಿಟ್ಟಿದ್ದ. ಮೀನುಗಳು ಸತ್ತರೆ ಬೇರೆ ಬರುತ್ತಿದ್ದವು. ತೊಟ್ಟಿ ಮಾತ್ರ ಅದೇ ಇತ್ತು.

ಮರುದೇವಿಗೆ ಒಂದು ಕಾಯಿಲೆ ಹತ್ತಿತು. ಮೊದಲು ಕೈಯ ಬಲ ಹೋಯಿತು, ಆಮೇಲೆ ಕಾಲಿನದು. ಊಟದ ತಟ್ಟೆಯಿರಲಿ, ಒಂದು ಪೆನ್ನು ಹಿಡಿಯಲೂ ಆಗದಂತಾಯಿತು. ವೈದ್ಯರು ಧರಣೇಂದ್ರನನ್ನು ಹೊರಗೆ ಕರೆದು, “ಮುಂದೆ ಮಾತೂ ನಿಲ್ಲುತ್ತದೆ. ಯಾವಾಗ ಎಂದು ಹೇಳಲಾಗದು” ಎಂದರು. ಅವನು ಇದನ್ನು ಹೆಂಡತಿಗೆ ಹೇಳಲಿಲ್ಲ. ಹೇಳದಿದ್ದರೂ ಆಕೆಗೆ ಗೊತ್ತಿತ್ತು.

ನಡುಮನೆಯಲ್ಲಿ ಮೀನಿನ ತೊಟ್ಟಿಯ ಎದುರಿಗೇ ಆಕೆಯ ಮಂಚ ಹಾಕಿದರು. ಮಲಗಿದಲ್ಲಿಂದ ಮೀನು ಕಾಣುತ್ತಿತ್ತು. ಆದರೆ ತೊಟ್ಟಿಯ ಅಂಚಿಗೆ ತೂಗುಹಾಕಿದ್ದ, ನೀರು ಸೋಸುವ ಮೋಟಾರು ಹಳೆಯದು. ಅದು ಗರಗರ ಎನ್ನುವುದು, ನೀರು ಮೇಲಿನಿಂದ ದಬದಬ ಸುರಿಯುವುದು. ಮರುದೇವಿಯ ದನಿ ದಿನದಿಂದ ದಿನಕ್ಕೆ ಇಳಿಯುತ್ತಾ ಬಂದು, ಆ ಸದ್ದಿನಲ್ಲಿ ಮುಳುಗಿಹೋಗತೊಡಗಿತು.

ಒಂದು ಬೆಳಿಗ್ಗೆ ಆಕೆ, “ರೀ, ಇಲ್ಲಿ ಬನ್ನಿ. ನಿಮಗೊಂದು ಮಾತು ಹೇಳಬೇಕು” ಎಂದಳು.

“ಏನು? ಕೇಳಿಸ್ತಿಲ್ಲ.”

“ಮೋಟಾರು ಆರಿಸಿ. ಕಿವಿ ಹತ್ತಿರ ತನ್ನಿ.”

ಅವನು ಮೋಟಾರು ಆರಿಸಲಿಲ್ಲ. ಬಗ್ಗಲೂ ಇಲ್ಲ. ಅವಳ ಮುಖ ನೋಡಿದ. ಇದು ಕೊನೆಯ ಮಾತಿನಂತಿದೆ ಎನಿಸಿತು. “ಹೀಗೆ ಅರ್ಧಂಬರ್ಧ ಬೇಡ, ಮರೂ. ಈ ಗದ್ದಲಕ್ಕೆ ಒಂದು ಗತಿ ಕಾಣಿಸ್ತೀನಿ. ಆಮೇಲೆ ನೀನು ಪಿಸುಗುಟ್ಟಿದರೂ ಕೇಳಿಸುತ್ತೆ. ಎಲ್ಲಾ ಹೇಳುವೆಯಂತೆ” ಎಂದ.

ಅವನ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ತೊಟ್ಟಿಯ ಹಿಂದಿನ ಗಾಜಿಗೆ ತೂತು ಕೊರೆದು ಪೈಪು ಕೂರಿಸಿದರೆ, ನೀರು ಗೋಡೆಯಾಚೆ ಹಿತ್ತಿಲಲ್ಲಿಡುವ ಇನ್ನೊಂದು ತೊಟ್ಟಿಗೆ ಇಳಿದು, ಸೋಸಿಕೊಂಡು ಮರಳಿ ಬರುತ್ತದೆ. ಮೋಟಾರು ಹಿತ್ತಿಲಲ್ಲೇ ಇರುತ್ತದೆ. ಒಳಗೆ ಸದ್ದಿರುವುದಿಲ್ಲ.

ಮೀನುಗಳನ್ನು ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟು ಮಂಚದ ಕಾಲಬಳಿ ನೆಲದ ಮೇಲಿಟ್ಟ. ಮಲಗಿದ್ದವಳಿಗೆ ಅದು ಕಾಣುತ್ತಿರಲಿಲ್ಲ. ಬರಿದಾದ ತೊಟ್ಟಿಯನ್ನು ಹಿತ್ತಿಲಿಗೆ ಹೊತ್ತು, ಕಂಬಳಿ ಹಾಸಿ, ಹಿಂದಿನ ಗಾಜು ಮೇಲಾಗುವಂತೆ ಮಲಗಿಸಿದ. ಗಾಜು ಕೊರೆಯುವುದೆಂದರೆ ಗೋಡೆ ಕೊರೆದಂತಲ್ಲ. ಬಿಸಿಯಾದರೆ ಸೀಳುತ್ತದೆ, ಒತ್ತಿದರೆ ಸೀಳುತ್ತದೆ. ತೂತಿನ ಜಾಗದ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಒಳಗೆ ನೀರು ನಿಲ್ಲಿಸಿ, ವಜ್ರದ ಪುಡಿ ಕೂರಿಸಿದ ಬಳೆಯಂಥ ಕೊರೆಯುವ ತುದಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ, ಅದರ ಭಾರಕ್ಕೇ ಅದನ್ನು ಬಿಟ್ಟು ಮೆಲ್ಲಗೆ ತಿರುಗಿಸಬೇಕು. ಮೊದಲು ಅವನು ಒಡೆದ ಕಿಟಕಿಗಾಜಿನ ಚೂರುಗಳ ಮೇಲೆ ಕೈ ಪಳಗಿಸಿದ. ಚೂರುಗಳು ಒಡೆದವು. ಮತ್ತೆ ತಂದ. ದಿನಗಳು ಕಳೆದವು. ಕೈಗೆ ಕೆಲಸ ಸಿಕ್ಕಮೇಲೆ ಅವನಿಗೆ ನಿರಾಳವಾಗಿತ್ತು. ಡ್ರಿಲ್ಲು ತಿರುಗುತ್ತಿರುವಷ್ಟು ಹೊತ್ತು ವೈದ್ಯರ ಮಾತು ನೆನಪಾಗುತ್ತಿರಲಿಲ್ಲ.

ಒಳಗೆ ಅವನ ಅಕ್ಕ ಕುಸುಮಕ್ಕ ಬಂದು ಮರುದೇವಿಯ ಆರೈಕೆಗೆ ನಿಂತಿದ್ದಳು. ಆಕೆ ಹಿತ್ತಿಲ ಬಾಗಿಲಿಗೆ ಬಂದು, “ತಮ್ಮಾ, ಅವಳು ಕರೀತಿದ್ದಾಳೆ. ನನಗೆ ಹೇಳು ಅಂದರೆ, ಅವರಿಗೇ ಹೇಳಬೇಕು ಅಂತಾಳೆ” ಎನ್ನುವಳು.

“ಬಂದೆ ಅಂತ ಹೇಳಕ್ಕಾ. ಇನ್ನೇನು ಮುಗೀತು.”

ಕೊನೆಗೆ ತೊಟ್ಟಿಯ ಗಾಜಿಗೇ ಕೈ ಹಚ್ಚಿದ. ಮುಕ್ಕಾಲು ಪಾಲು ಕೊರೆದಾಗಿತ್ತು. ಕುಸುಮಕ್ಕ ಮತ್ತೆ ಬಂದು ಕರೆದಳು. ಬೇಗ ಮುಗಿಸಿ ಹೋಗೋಣವೆಂದು ಅವನು ಕೊಂಚ ಒತ್ತಿದ. ಟಣ್ಣೆಂದು ಸದ್ದಾಯಿತು. ಸೀಳು ತೂತಿನಿಂದ ಹೊರಟು ಮೂಲೆಯವರೆಗೆ ಓಡಿತು.

ಅವನು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತ. ಆಗಲಾದರೂ ಒಳಗೆ ಹೋಗಬಹುದಿತ್ತು. ತೊಟ್ಟಿ ಹಿತ್ತಿಲಲ್ಲಿತ್ತು, ಮೋಟಾರು ನಿಂತಿತ್ತು, ನಡುಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಿತ್ತು. ಅದು ಅವನಿಗೆ ಹೊಳೆಯಲಿಲ್ಲ. ಬರಿಗೈಯಲ್ಲಿ ಆಕೆಯ ಮುಂದೆ ಹೇಗೆ ಹೋಗಲಿ ಎಂದುಕೊಂಡ. ಹೊಸ ಗಾಜು ತರಲು ಪೇಟೆಗೆ ಹೋದ.

ಸೀಳಿದ ಗಾಜನ್ನು ಬ್ಲೇಡಿನಿಂದ ಬಿಡಿಸಿ, ಹೊಸದನ್ನು ಅಂಟಿನಿಂದ ಕೂರಿಸಿ, ಅಂಟು ಒಣಗಲು ಕೆಲವು ದಿನ ಬಿಟ್ಟ. ಒಣಗಿದೆಯೇ ಎಂದು ಹೋಗಿ ಹೋಗಿ ಮುಟ್ಟಿ ನೋಡುವನು. ಒಳಗಿಂದ ಕರೆ ಬರುವುದು ಕಡಿಮೆಯಾಯಿತು. ನಿದ್ದೆ ಮಾಡುತ್ತಿರಬೇಕು ಎಂದುಕೊಂಡ.

ಈ ಸಲ ಕೊರೆಯುವಾಗ ಅವನು ಒತ್ತಲಿಲ್ಲ. ಕಟ್ಟೆಯ ನೀರು ಹಾಲಿನಂತೆ ಬೆಳ್ಳಗಾಯಿತು. ಗಾಜಿನ ಬಿಲ್ಲೆ ಸದ್ದಿಲ್ಲದೆ ಕಳಚಿ ಬಿತ್ತು. ತೂತಿನ ಅಂಚಿಗೆ ಬೆರಳಾಡಿಸಿ ನೋಡಿದ. ಒಂದು ಚಕ್ಕೆ ಎದ್ದಿರಲಿಲ್ಲ. ಅಷ್ಟು ಚೆಂದದ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

ಪೈಪು ಕೂರಿಸಿ, ತೊಟ್ಟಿಯನ್ನು ಮತ್ತೆ ಆಕೆಯ ಎದುರಿಗಿಟ್ಟು, ಪೈಪನ್ನು ಗೋಡೆಯಾಚೆಗೆ ಹಾಯಿಸಿ, ನೀರು ತುಂಬಿ, ಮೀನು ಬಿಟ್ಟ. ಹಿತ್ತಿಲಿನ ಮೋಟಾರು ಹಾಕಿದ. ನೀರು ಹರಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಂಥ ಮೌನ. ಅವನು ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು, ಆಕೆಯ ತಲೆದಿಂಬಿನ ಪಕ್ಕ ಕೂತ. ಕುಸುಮಕ್ಕ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು.

“ಈಗ ಹೇಳು, ಮರೂ.”

ಮರುದೇವಿ ಅವನ ಕಡೆ ಕಣ್ಣು ತಿರುಗಿಸಿದಳು. ತುಟಿ ಅಲುಗಿತು. ಅವನು ಕಿವಿಯನ್ನು ಆಕೆಯ ತುಟಿಗೆ ತಾಗುವಷ್ಟು ಹತ್ತಿರ ತಂದ. ಬಿಸಿಯುಸಿರು ತಾಗಿತು, ಸದ್ದು ಬರಲಿಲ್ಲ. ಆಕೆ ಬಿಡಲಿಲ್ಲ, ತುಟಿಗಳು ತುಂಬಾ ಹೊತ್ತು ಅಲುಗುತ್ತಲೇ ಇದ್ದವು. ಅವನು ಅಂದಾಜಿಗೆ ಒಂದೊಂದೇ ಮಾತು ಕೇಳಿದ. ತವರಿನ ಸುದ್ದಿಯೇ? ನನ್ನ ಮೇಲೆ ಸಿಟ್ಟೇ? ಯಾರಿಗಾದರೂ ಏನಾದರೂ ಕೊಡಬೇಕೇ? ಯಾವುದಕ್ಕೂ ಆಕೆಯ ಕಣ್ಣು ಹೌದೆನ್ನಲಿಲ್ಲ. ಕೊನೆಗೆ ಇನ್ನು ಕೇಳುವುದು ಬೇಡ ಎನ್ನುವಂತೆ ಆಕೆ ಕಣ್ಣು ಮುಚ್ಚಿಕೊಂಡಳು.

ಆಕೆ ಆಮೇಲೂ ಕೆಲಕಾಲ ಬದುಕಿದ್ದಳು. ಅವನು ಆ ಕುರ್ಚಿ ಬಿಟ್ಟು ಏಳಲಿಲ್ಲ. ರಿಪೇರಿ ಅಂಗಡಿಗೆ ಬೀಗ ಬಿತ್ತು. ಕೇಳುವುದಕ್ಕೆ ಆ ಮನೆಯಲ್ಲಿ ಏನೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪದ್ಮಯ್ಯ ಚಡಪಡಿಸಿದ.

“ಆಕೆ ಹೇಳಬೇಕೆಂದಿದ್ದುದು ಏನು, ಗುರುಗಳೇ?”

ಗುರುಗಳು ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿ, “ನಿನ್ನ ಅಣ್ಣ ಹೇಳಬೇಕೆಂದಿರುವುದು ಏನು?” ಎಂದರು.

ಪದ್ಮಯ್ಯ ಎದ್ದು ಚಪ್ಪಲಿ ಮೆಟ್ಟಿಕೊಂಡ.