ಯಾರ ಉಪ್ಪನ್ನೂ ತಿನ್ನದವನು

ಕಡಲವಾಡಿ ರಾಜ್ಯದಲ್ಲಿ ಯುಗಾದಿಯ ದಿನ ಎರಡು ಫಲ ಹೇಳುತ್ತಿದ್ದರು. ಮೊದಲನೆಯದು ಪಂಚಾಂಗದ ಫಲ. ಎರಡನೆಯದು ನಾಡಿನ ವರ್ಷಫಲ. ವ್ಯಾಪಾರ ಏಳುತ್ತದೋ ಬೀಳುತ್ತದೋ, ದುಡಿಯುವ ಕೈಗಳಿಗೆ ಕೆಲಸವಿರುತ್ತದೋ ಇಲ್ಲವೋ, ಅಕ್ಕಿಯ ಬೆಲೆ ಎತ್ತ ಹೋಗುತ್ತದೋ ಎಂದು ಜನರ ಮುಂದೆ ಹೇಳುವ ಹೊಣೆ ಬೊಮ್ಮರಸನದು.

ಅವನು ಆಕಾಶ ನೋಡುತ್ತಿರಲಿಲ್ಲ, ಸಂತೆ ನೋಡುತ್ತಿದ್ದ. ಅಕ್ಕಸಾಲಿಗರ ಬಳಿ ಒಡವೆ ಮಾಡಿಸುವವರು ಹೆಚ್ಚೋ, ಅಡವಿಡುವವರು ಹೆಚ್ಚೋ? ಬಂದರಿಗೆ ತುಂಬಿ ಹೋದ ಗಾಡಿ ತುಂಬಿ ಬರುತ್ತದೋ, ಬರಿದಾಗಿ ಬರುತ್ತದೋ? ನೇಕಾರರ ಕೇರಿಯಲ್ಲಿ ಮಗ್ಗದ ಸದ್ದು ಎಷ್ಟು ಹೊತ್ತಿಗೆ ನಿಲ್ಲುತ್ತದೆ? ವರ್ಷವೆಲ್ಲ ಸುತ್ತಿ ಇದನ್ನೇ ಗಮನಿಸುತ್ತಿದ್ದ.

ಅವನಿಗೊಂದು ಕಟ್ಟುಪಾಡಿತ್ತು. ಯಾರ ಮನೆಯಲ್ಲೂ ಉಣ್ಣುವಂತಿಲ್ಲ. ಅರಮನೆಯಲ್ಲೂ ಇಲ್ಲ, ಗುಡಿಸಲಲ್ಲೂ ಇಲ್ಲ. ಉಪ್ಪು ತಿಂದವನ ನಾಲಿಗೆ ಉಪ್ಪು ಕೊಟ್ಟವನ ಕಡೆಗೇ ವಾಲುತ್ತದೆ ಎಂದು ಹಿರಿಯರು ಮಾಡಿದ ನಿಯಮವದು. ಆಸ್ಥಾನದ ಪಂಡಿತರಿಗೆ ಈ ಕಾಟವಿರಲಿಲ್ಲ. ಅವರು ಅರಮನೆಯ ಹೋಳಿಗೆ ಉಂಡು, ಪ್ರತಿ ವರ್ಷವನ್ನೂ ಚಿನ್ನದ ವರ್ಷವೆಂದೇ ಹೊಗಳುತ್ತಿದ್ದರು. ಹೋಳಿಗೆ ತಿಂದ ಬಾಯಲ್ಲಿ ಕಹಿ ಮಾತು ಬರುವುದಾದರೂ ಹೇಗೆ?

ಬೊಮ್ಮರಸ ಹಿತ್ತಲಲ್ಲಿ ಬೆಳೆದ ರಾಗಿ, ಸೊಪ್ಪಿನಲ್ಲೇ ಬದುಕಿದ. ಹಬ್ಬಕ್ಕೆ ಕರೆದರೆ ಉಣ್ಣುವುದಿಲ್ಲವೆಂದು ಜನ ಕರೆಯುವುದನ್ನೇ ಬಿಟ್ಟರು. ಉಣ್ಣದವನ ಮನೆಗೆ ಉಣ್ಣಲು ಹೋಗುವುದು ಹೇಗೆಂದು ಅವನ ಮನೆಗೂ ಯಾರೂ ಬರಲಿಲ್ಲ. ಹೆಣ್ಣು ಕೊಡುವವರೂ ಸಿಗಲಿಲ್ಲ. ಹಬ್ಬದ ದಿನ ಎಲೆಯ ಮುಂದೆ ಕೂರದ ಅಳಿಯ ಯಾರಿಗೆ ಬೇಕು? ಅವನ ಮನೆಯಲ್ಲಿ ಇದ್ದದ್ದು ಒಂದೇ ತಟ್ಟೆ. ಎರಡನೆಯದು ಬೇಕಾಗಿಯೇ ಇರಲಿಲ್ಲ.

ತನ್ನವರೆಂದು ಅವನಿಗಿದ್ದವಳು ಒಬ್ಬಳೇ ತಂಗಿ, ಚೆನ್ನಾಜಿ. ಆ ವರ್ಷ ಅವಳ ಮಗಳ ಮದುವೆ ಗೊತ್ತಾಯಿತು. ವರನ ತಂದೆ ಧಾನ್ಯದ ವ್ಯಾಪಾರಿ ಪದುಮ ಶೆಟ್ಟಿ. ಹೊರದೇಶದಲ್ಲಿ ಅಕ್ಕಿಗೆ ಬೆಲೆ ಏರಿತ್ತು. ಅರಮನೆಯ ಕಣಜದ ಅಕ್ಕಿಯನ್ನೆಲ್ಲ ಕೊಂಡು ಹಡಗಿಗೆ ತುಂಬಲು ಶೆಟ್ಟಿ ಕಾಯುತ್ತಿದ್ದ. ವರ್ಷಫಲ ಚೆನ್ನಾಗಿದ್ದರೆ ಮಾತ್ರ ದೊರೆ ಕಣಜ ಮಾರುತ್ತಿದ್ದರು.

ಬೊಮ್ಮರಸ ಕಂಡದ್ದೇ ಬೇರೆ. ಊರೆಲ್ಲ ಥಳಥಳ ಅನ್ನುತ್ತಿತ್ತು ನಿಜ. ಆದರೆ ಬಂದರಿನಲ್ಲಿ ಬಟ್ಟೆಯ ಮೂಟೆಗಳು ಕೊಳ್ಳುವವರಿಲ್ಲದೆ ಬಿದ್ದಿದ್ದವು. ಮಗ್ಗಗಳು ಮಧ್ಯಾಹ್ನಕ್ಕೇ ನಿಲ್ಲುತ್ತಿದ್ದವು.

ಮದುವೆಯಲ್ಲಿ ಎಲ್ಲರೂ ಪಂಕ್ತಿಗೆ ಕೂತರು. ಬೊಮ್ಮರಸ ಚಪ್ಪರದ ಕಂಬಕ್ಕೆ ಒರಗಿ ನಿಂತ. ಸಾರಿನ ಒಗ್ಗರಣೆಯ ಘಮ ಮೂಗಿಗೆ ಬಡಿಯುತ್ತಿತ್ತು. ಪದುಮ ಶೆಟ್ಟಿ ತಾನೇ ಬಟ್ಟಲು ಹಿಡಿದು ಬಂದ.

"ಬೀಗರೇ, ಉಪ್ಪು ತಿನ್ನಬಾರದು ತಾನೇ? ಇದು ಪಾಯಸ. ಇದರಲ್ಲಿ ಉಪ್ಪೆಲ್ಲಿದೆ? ಒಂದು ಗುಟುಕು ಕುಡಿಯಿರಿ."

ಪಂಕ್ತಿಯೆಲ್ಲ ನಕ್ಕಿತು. ಪಕ್ಕದಲ್ಲಿ ತಂಗಿ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ಸುಳ್ಳೇಕೆ, ಬೊಮ್ಮರಸನ ಕೈ ಬಟ್ಟಲಿನತ್ತ ಚಾಚಿಯೇ ಬಿಟ್ಟಿತ್ತು. ಕುಡಿದರೆ ಒಂದೋ ಶೆಟ್ಟಿಯ ಮಾತನ್ನು ತಾನು ಆಡಬೇಕು, ಇಲ್ಲವೇ ತನ್ನ ಮಾತನ್ನು ಊರು ನಂಬುವುದಿಲ್ಲ. ಅವನು ಕೈ ಹಿಂದೆಗೆದುಕೊಂಡ.

"ಶೆಟ್ಟರೇ, ಉಪ್ಪಿನ ಋಣವನ್ನಾದರೂ ತೀರಿಸಬಹುದು. ಸಿಹಿಯ ಋಣ ತೀರಿಸೋದು ಕಷ್ಟ."

ಶೆಟ್ಟಿಯ ಮುಖ ಕಪ್ಪಿಟ್ಟಿತು. ಚೆನ್ನಾಜಿ ಅಣ್ಣನನ್ನು ಬಾಗಿಲಾಚೆ ಕರೆದೊಯ್ದಳು. "ನನ್ನ ಮಗಳ ಮದುವೇಲಿ ಒಂದು ಗುಟುಕು ಕುಡಿಯೋಕಾಗಲಿಲ್ಲ ನಿನಗೆ. ಇನ್ನು ನನ್ನ ಹೊಸ್ತಿಲು ತುಳಿಯಬೇಡ ಅಣ್ಣಾ."

ಯುಗಾದಿ ಬಂತು. ಪಂಡಿತರು ಚಿನ್ನದ ವರ್ಷವೆಂದರು. ಬೊಮ್ಮರಸ ಎದ್ದುನಿಂತು ಪದ್ಧತಿಯಂತೆ ಮೊದಲು ಕೇಳಿದ: "ನಾನು ಯಾರ ಮನೆಯಲ್ಲಾದರೂ ಉಂಡದ್ದನ್ನು ಕಂಡವರಿದ್ದೀರಾ?" ಯಾರೂ ಬಾಯಿ ಬಿಡಲಿಲ್ಲ. "ಹಾಗಾದರೆ ಕೇಳಿ. ಈ ವರ್ಷ ಬಟ್ಟೆಯ ವ್ಯಾಪಾರ ಬೀಳುತ್ತದೆ. ಮಗ್ಗಗಳು ನಿಲ್ಲುತ್ತವೆ. ಕಣಜ ಮಾರಬೇಡಿ."

ದೊರೆ ಕಣಜಕ್ಕೆ ಬೀಗ ಹಾಕಿಸಿದರು. ಶೆಟ್ಟಿಯ ಹಡಗುಗಳು ಬರಿದಾಗಿ ನಿಂತವು. ಊರು ಬೊಮ್ಮರಸನಿಗೆ ಹಿಡಿಶಾಪ ಹಾಕಿತು.

ಅವನೆಂದಂತೆಯೇ ವ್ಯಾಪಾರ ಬಿತ್ತು, ಮಗ್ಗಗಳು ನಿಂತವು. ಆಗ ದೊರೆ ಕಣಜ ತೆರೆದು ಮನೆಮನೆಗೂ ಅಕ್ಕಿ ಹಂಚಿಸಿದರು. ಯಾರೂ ಉಪವಾಸ ಬೀಳಲಿಲ್ಲ. ಮಳೆಗಾಲ ಕಳೆದ ಮೇಲೆ ಮಗ್ಗಗಳು ನಿಧಾನವಾಗಿ ಮತ್ತೆ ಸದ್ದು ಮಾಡತೊಡಗಿದವು.

ಮರುವರ್ಷದ ಯುಗಾದಿಯಲ್ಲಿ ಜನ ಅವನನ್ನೇ ಆಡಿಕೊಂಡರು. "ಎಲ್ಲಿ ಬಂತಯ್ಯಾ ನಿನ್ನ ಕಷ್ಟ? ಯಾರ ಮನೆ ಒಲೆಯೂ ಆರಲಿಲ್ಲವಲ್ಲ! ಸುಮ್ಮನೆ ಹೆದರಿಸಿಬಿಟ್ಟೆ."

ಬೊಮ್ಮರಸ ಮನೆಯ ಹಾದಿ ಹಿಡಿದ. ಬಂದ ಕಷ್ಟಕ್ಕೆ ಊರೆಲ್ಲ ಸಾಕ್ಷಿ. ತಪ್ಪಿದ ಕಷ್ಟಕ್ಕೆ ಯಾರನ್ನು ಸಾಕ್ಷಿ ಕರೆಯುವುದು? ಮನೆಗೆ ಬಂದು ಒಲೆ ಹಚ್ಚಿದ. ಬೀದಿಯ ಮನೆಗಳಲ್ಲೆಲ್ಲ ನೆಂಟರ ಗಲಾಟೆ. ಒಬ್ಬನಿಗೇ ಬೇವು ಬೆಲ್ಲ ಕಲಸುವಾಗ ಅವನಿಗೆ ಅಳು ಬಂತು.

ಬಾಗಿಲಲ್ಲಿ ನೆರಳಾಡಿತು. ಚೆನ್ನಾಜಿ ಬರಿಗೈಯಲ್ಲಿ ಬಂದು ಒಲೆಯ ಪಕ್ಕ ಕೂತಳು.

"ಬೀಗರ ಹಡಗು ನಿಲ್ಲಿಸಿದೆ ಅಂತ ವರ್ಷವೆಲ್ಲ ನಿನ್ನ ಬೈದೆ ಅಣ್ಣಾ. ಕೊನೆಗೆ ಮಗಳ ಬಾಣಂತನಕ್ಕೆ ಆ ಕಣಜದ ಅಕ್ಕೀನೇ ಬಂತು. ನೀನು ನಮ್ಮನೇಲಿ ಉಣ್ಣಬಾರದು, ಸರಿ. ನಾನು ನಿನ್ನ ಮನೇಲಿ ಉಣ್ಣಬಾರದು ಅಂತ ಯಾವ ಹಿರಿಯರು ಹೇಳಿದ್ದಾರೆ? ಇಷ್ಟು ವರ್ಷ ನನಗೂ ಹೊಳೀಲಿಲ್ಲವಲ್ಲ. ಬಡಿಸು, ಹಸಿವಾಗಿದೆ."

ಬೊಮ್ಮರಸ ಇದ್ದೊಂದು ತಟ್ಟೆಯನ್ನು ತಂಗಿಯ ಮುಂದಿಟ್ಟು ಬಡಿಸಿದ. ಮಡಕೆಯ ಮುಚ್ಚಳವನ್ನು ತೊಳೆದು ತನ್ನ ಮುಂದಿಟ್ಟುಕೊಂಡ.

ನೀತಿ: ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಾದವನು ಯಾರ ಹಂಗಿಗೂ ಬೀಳಬಾರದು. ಅವನ ಮಾತು ಕೇಳಿ ಕಷ್ಟದಿಂದ ಪಾರಾದವರು, ಕಷ್ಟವೇ ಇರಲಿಲ್ಲವೆಂದು ಅವನನ್ನು ಹಳಿಯಬಾರದು. ಅವನು ನಮ್ಮ ಮನೆಗೆ ಉಣ್ಣಲು ಬರಲಾರ. ನಾವು ಅವನ ಮನೆಗೆ ಹೋಗಬಹುದು.