ತಲೆ ಎತ್ತದ ಕುದುರೆ

ಸ್ವಲ್ಪ ಈಚೆ ಸರಿದು ಕೂತುಕೊಳ್ಳಿ. ಇದು ನಿಮ್ಮ ಹೊಟ್ಟೆಯಲ್ಲೇ ಉಳಿಯಬೇಕು. ನನ್ನ ಹೆಸರು ಎಲ್ಲೂ ಬರಕೂಡದು.

ಹೊಳೆದಂಡೆಯ ಮಠದಲ್ಲಿ ಕುದುರೆಗಳಿಗೆ ಔಷಧ ಮಾಡುವ ಜಂಬಯ್ಯಜ್ಜ ಇದ್ದರಲ್ಲ, ಅವರ ಶಿಷ್ಯ ಸಣ್ಣೀರಪ್ಪ ಹೆಂಡತಿಯನ್ನು ತವರಿಗೆ ಅಟ್ಟಿದ. ಹಾದರ ಮಾಡಿದಳು ಅಂತಲ್ಲ. ಅಳಲಿಲ್ಲ ಅಂತ.

ಮೂರು ತಿಂಗಳ ಹಿಂದೆ ಅವರ ಕೂಸು ತೀರಿಕೊಂಡಿತ್ತು. ಸಣ್ಣೀರಪ್ಪ ಎದೆ ಬಡಿದುಕೊಂಡು ಅತ್ತ. ಮೂರು ಓಣಿಯವರು ಬಂದು ಅವನ ಬೆನ್ನು ಸವರಿದರು.

ಹೆಂಡತಿ ಹುಲಿಗೆಮ್ಮ ಮಾತ್ರ ಮರುದಿನವೇ ಕೊಡ ಹೊತ್ತು ಹೊಳೆಗೆ ನಡೆದಳು. ನೆಟ್ಟಗೆ, ಹನಿ ನೀರು ತುಳುಕದ ಹಾಗೆ.

ನೋಡಿದವರು ಬಿಡುತ್ತಾರೆಯೇ? "ಕಲ್ಲು ಬಿಡವ್ವ ಅವಳು" ಅಂದರು. ಸುಳ್ಳು ಯಾಕೆ, ಎಲ್ಲರೂ ಅಂದೆವು. ಓಣಿಯ ಮಾತು ಕಡೆಗೆ ಗಂಡನ ಬಾಯಿಗೂ ಬಂತು.

ಆ ಬೆಳಿಗ್ಗೆ ಅವಳನ್ನು ಗಂಟಿನ ಸಮೇತ ಹರಿಗೋಲಿನ ಕಟ್ಟೆಯ ಮೇಲೆ ಕೂರಿಸಿ ಅವನು ಮಠಕ್ಕೆ ಬಂದ.

"ಅವಳನ್ನ ಕಳಿಸಿಬಿಟ್ಟೆ ಅಜ್ಜಾ."

"ಹರಿಗೋಲು ಹೋಯಿತೇನು?"

"ಇನ್ನೂ ಇಲ್ಲ. ಜನ ತುಂಬಬೇಕಲ್ಲ."

ಅಜ್ಜ ಕುದುರೆಯ ಹಗ್ಗ ತಂದು ಅವನ ಕೈಗಿಟ್ಟರು. "ಹಂಸಿ ನಾಳೆ ಹೇರು ಹೊತ್ತು ಗುಡ್ಡ ಹತ್ತಬೇಕು. ಕಾಲು ನೋಡಿ ಹೇಳು."

"ಕುದುರೆ ನೋಡೋ ಹೊತ್ತೇ ಅಜ್ಜಾ ಇದು?"

"ಹೊತ್ತು ಹೋಗ್ತಾ ಇದೆ. ಬೇಗ ನೋಡು."

ಸಣ್ಣೀರಪ್ಪ ಅಂಗಳದ ಚಪ್ಪಡಿಗಲ್ಲಿನ ಮೇಲೆ ಹಂಸಿಯನ್ನು ಆ ತುದಿಯಿಂದ ಈ ತುದಿಗೆ ನೆಟ್ಟಗೆ ಓಡಿಸಿದ. ಮುಂಗಾಲು ನೊಂದ ಕುದುರೆ ಆ ಕಾಲು ಊರಿದಾಗ ತಲೆ ಮೇಲೆತ್ತುತ್ತದೆ. ಮೂರು ವರ್ಷ ಅವನು ಕಲಿತದ್ದೇ ಅದನ್ನು.

ಹಂಸಿ ತಲೆ ಎತ್ತಲಿಲ್ಲ. ಹೆಜ್ಜೆ ಸ್ವಲ್ಪ ಗಿಡ್ಡ, ಅಷ್ಟೇ.

"ಏನೂ ಇಲ್ಲ. ಹೇರು ಹಾಕಬಹುದು."

"ಎಡಕ್ಕೆ ಸುತ್ತು ಹಾಕಿಸು."

ಸಣ್ಣ ಸುತ್ತು. ಎಡಗಾಲು ಕಲ್ಲಿಗೆ ತಾಗಿದಾಗಲೆಲ್ಲ ಹಂಸಿಯ ತಲೆ ಎಗರಿತು.

"ಎಡಗಾಲು," ಅಂದ ಅವನು, ನಾಚಿಕೊಂಡು.

"ಈಗ ಬಲಕ್ಕೆ."

ಬಲಕ್ಕೆ ತಿರುಗಿದಾಗ ಬಲಗಾಲಿಗೆ ಎಗರಿತು.

ಅವನು ಕೂತು ಗೊರಸು ಮುಟ್ಟಿದ. ಒಂದು ಬಿಸಿ ಇತ್ತು. ಇನ್ನೊಂದೂ ಅಷ್ಟೇ ಬಿಸಿ ಇತ್ತು.

"ಏನು ಮಾಡ್ತೀ?" ಅಜ್ಜ ಕೇಳಿದರು.

"ಹೇರು ಬೇಡ. ಹೊಳೆ ನೀರಲ್ಲಿ ನಿಲ್ಲಿಸಬೇಕು. ಆಮೇಲೆ ಮೆತ್ತನೆ ಮರಳಲ್ಲಿ ಬಿಡಬೇಕು."

"ಎಷ್ಟು ದಿನದಿಂದ ಹೇರು ಹಾಕ್ತಾ ಇದ್ದೀ?"

"ಮೂರು ತಿಂಗಳು..."

ಅವನ ಕೈ ಗೊರಸಿನ ಮೇಲೇ ನಿಂತಿತು.

ತೊಟ್ಟಿಲು ಬಿಚ್ಚಿದ ಮೇಲೂ, ಅದು ತೂಗುತ್ತಿದ್ದ ಮೂಲೆಯಲ್ಲಿ ಅಡುಗೆಮನೆಗೆ ತಿರುಗುವಾಗ ಹುಲಿಗೆಮ್ಮನ ಕೈ ಗೋಡೆ ಹಿಡಿಯುತ್ತಿತ್ತು. ಮೂರು ತಿಂಗಳೂ ಅವನು ಅದನ್ನು ನೋಡಿದ್ದ. ಏನು ನೋಡುತ್ತಿದ್ದೇನೆ ಅಂತ ಗೊತ್ತಿರಲಿಲ್ಲ.

ಹಗ್ಗ ಬಿಟ್ಟು ಹೊಳೆಯ ಮೆಟ್ಟಿಲ ಕಡೆ ಓಡಿದ.

ಕಟ್ಟೆ ಖಾಲಿ. ಹರಿಗೋಲು ನಡುಹೊಳೆಯಲ್ಲಿ ತಿರುಗುತ್ತ ಹೋಗುತ್ತಿತ್ತು. ಅದರಲ್ಲಿ ಹುಲಿಗೆಮ್ಮ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಕೂಸನ್ನು ಇಟ್ಟುಕೊಂಡ ಹಾಗೆ. ಬೆನ್ನು ನೆಟ್ಟಗೇ ಇತ್ತು.

ಅವನು ಕೂಗಿದ. ಅವಳು ತಿರುಗಲಿಲ್ಲ. ಕೇಳಿಸಿತೋ ಇಲ್ಲವೋ, ಯಾರಿಗೆ ಗೊತ್ತು.

ಅಜ್ಜ ಹಂಸಿಯನ್ನು ಮೆಲ್ಲಗೆ ಇಳಿಸಿಕೊಂಡು ಬಂದು ಮೊಣಕಾಲಿನ ತನಕ ನೀರಲ್ಲಿ ನಿಲ್ಲಿಸಿದರು.

"ಒಂದು ದಿನವಾದರೂ ಕುಂಟಿದ್ದರೆ ನನಗೆ ಗೊತ್ತಾಗ್ತಿತ್ತಲ್ಲ ಅಜ್ಜಾ," ಅಂದ ಸಣ್ಣೀರಪ್ಪ, ಹೊಳೆ ನೋಡುತ್ತ.

ಅಜ್ಜ ಬೊಗಸೆ ತುಂಬ ನೀರೆತ್ತಿ ಹಂಸಿಯ ಕಾಲಿನ ಮೇಲೆ ಸುರಿದರು.

"ಕುಂಟೋದಕ್ಕೂ ಒಂದು ಒಳ್ಳೆ ಕಾಲು ಬೇಕಲ್ಲಪ್ಪ."